ದೇವರ ಮೇಲೆ ಕೋಪ ಬಂದರೆ ಪಾಪವಾ?

ಪತ್ರ: ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಚರ್ಚಿನ ಸಭೆಯವರು "ಅಳಬೇಡಿ, ದೇವರು ನಿಮ್ಮನ್ನು ಪ್ರೀತಿಸುತ್ತಾನೆ" ಅನ್ನುತ್ತಾರೆ. ನನಗೆ ದೇವರ ಮೇಲೆ ಕೋಪವೇ ಬರುತ್ತದೆ. ಇದು ಪಾಪವಾ? ಪಕ್ಕದ ಮನೆ ಆಂಟಿ ದಿನಾ ತಿಂಡಿ ಡಬ್ಬಿ ತಂದುಕೊಡುತ್ತಾರೆ. ಅವರಿಗೆ ಥ್ಯಾಂಕ್ಸ್ ಹೇಳೋಕೂ ಬಾಯಿ ಬರಲ್ಲ.
– ಒಬ್ಬ ಸಹೋದರಿ

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ಅಳಬೇಡಿ ಅಂತ ನಾನು ಹೇಳುವುದಿಲ್ಲ. ಅತ್ತುಬಿಡಿ.

ನಿಮ್ಮ ಪತ್ರ ಓದುವಾಗ ನನಗೆ ಬೈಬಲಿನ ರೂತಳ ಪುಸ್ತಕದಲ್ಲಿ ಬರುವ ನೊವೊಮಿ ನೆನಪಾದಳು. ಬೇತ್ಲೆಹೇಮಿಗೆ ಬರಗಾಲ ಬಂತು ಅಂತ ಗಂಡ, ಇಬ್ಬರು ಗಂಡುಮಕ್ಕಳ ಜೊತೆ ಮೋವಾಬ್ ದೇಶಕ್ಕೆ ಹೋದವಳು. ಅಲ್ಲಿ ಗಂಡ ತೀರಿಹೋದ. ಆಮೇಲೆ ಮಕ್ಕಳಿಬ್ಬರೂ ಹೋದರು. ಸೊಸೆ ರೂತಳೊಬ್ಬಳ ಜೊತೆ ಊರಿಗೆ ವಾಪಸ್ ಬಂದಾಗ ಹೆಂಗಸರು, ಇವಳು ನೊವೊಮಿ ಅಲ್ವಾ ಅಂದರು. ನನ್ನನ್ನು ಮಾರಾ ಅನ್ನಿ ಅಂದಳು. ಮಾರಾ ಅಂದರೆ ಕಹಿ. ತುಂಬಿಕೊಂಡು ಹೋದವಳನ್ನು ದೇವರು ಬರಿಗೈಯಲ್ಲಿ ವಾಪಸ್ ತಂದ ಅಂತ ಎಲ್ಲರೆದುರೇ ಹೇಳಿದಳು. ಆ ಮಾತಿಗೆ ದೇವರು ಅವಳನ್ನು ಗದರಲಿಲ್ಲ. ನಿಮ್ಮನ್ನೂ ಗದರುವುದಿಲ್ಲ.

ಬರಿಗೈ ಅನ್ನುವಾಗ ರೂತಳು ಪಕ್ಕದಲ್ಲೇ ನಿಂತಿದ್ದಳು! ದುಃಖ ಹಾಗೇ. ಹತ್ತಿರ ಇರುವವರನ್ನೂ ಕಾಣಿಸಗೊಡುವುದಿಲ್ಲ.

ಆಗ ಜವೆಗೋಧಿ ಸುಗ್ಗಿ ಶುರುವಾಗಿತ್ತು. ರೂತಳು ಬೋವಜ ಅನ್ನುವವನ ಹೊಲಕ್ಕೆ ಹಕ್ಕಲಾಯಲು, ಅಂದರೆ ಕೊಯ್ಯುವವರು ಬಿಟ್ಟ ತೆನೆ ಆರಿಸಲು ಹೋದಳು. ಸಂಜೆ ಬಡಿದು ನೋಡಿದರೆ ಒಂದು ಏಫಾ, ಅಂದರೆ ಸುಮಾರು 22 ಲೀಟರು ಕಾಳು. ಮಧ್ಯಾಹ್ನ ತನಗೆ ಕೊಟ್ಟ ಹುರಿದ ಕಾಳಿನಲ್ಲಿ ಉಳಿಸಿಕೊಂಡಿದ್ದನ್ನೂ ಅತ್ತೆಯ ಮುಂದಿಟ್ಟಳು. ಆಗ ನೊವೊಮಿಯ ಬಾಯಲ್ಲಿ ಬೇರೆ ಮಾತು ಬಂತು. ಬದುಕಿರುವವರನ್ನೂ ಸತ್ತವರನ್ನೂ ದೇವರ ಕೃಪೆ ಬಿಟ್ಟುಹೋಗಿಲ್ಲ ಅಂದಳು.

ಹೀಬ್ರೂವಿನಲ್ಲಿ ಆ ಕೃಪೆಗೆ ಇರುವ ಪದ ಹೆಸೆದ್. ಮನಸ್ಸು ಬಂದಾಗ ಮಾತ್ರ ತೋರಿಸುವ ದಯೆಗೆ ಆ ಪದ ಸಲ್ಲುವುದಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ಕೊನೆತನಕ ಜೊತೆಗಿರುವ ಪ್ರೀತಿ ಅದು. ಸತ್ತವರನ್ನೂ ಅಂದಳು, ನೋಡಿ. ನಿಮ್ಮ ಯಜಮಾನರೂ ಅದರೊಳಗೇ ಇದ್ದಾರೆ.

ನೊವೊಮಿಗೆ "ಯಾಕೆ ಹೀಗಾಯ್ತು" ಅನ್ನುವುದಕ್ಕೆ ಉತ್ತರ ಸಿಗಲಿಲ್ಲ. ನನ್ನ ಹತ್ತಿರವೂ ಇಲ್ಲ. ಆದರೆ ದೇವರು ಕೈಬಿಡಲಿಲ್ಲ ಅನ್ನುವುದು ಅವಳಿಗೆ ಮೊದಲು ಗೊತ್ತಾಗಿದ್ದು ಸೊಸೆ ಹೊತ್ತು ತಂದ ಕಾಳಿನಿಂದ.

ಸದ್ಯಕ್ಕೆ ಉದ್ದದ ಪ್ರಾರ್ಥನೆ ಬೇಡ. ರೂತಳ ಪುಸ್ತಕ ನಾಲ್ಕೇ ಅಧ್ಯಾಯ. ಅದನ್ನೂ ಓದೋಕೆ ಆಗದಿದ್ದರೆ ಯಾರಿಂದಾದರೂ ಓದಿಸಿಕೊಂಡು ಸುಮ್ನೆ ಕೇಳಿ. ಆಂಟಿಗೆ ಥ್ಯಾಂಕ್ಸ್ ಹೇಳೋಕೆ ಬಾಯಿ ಬರದಿದ್ದರೂ ಪರವಾಗಿಲ್ಲ. ನಾಳೆ ಬೆಳಿಗ್ಗೆ ಬಾಗಿಲಲ್ಲೇ ಡಬ್ಬಿ ಇಸ್ಕೊಂಡು ಕಳಿಸಬೇಡಿ. ಒಳಗೆ ಕರೆದು ಕೂರಿಸಿ, ಎರಡು ತಟ್ಟೆ ಇಡಿ.