ಮೂರು ಆಕೃತಿಗಳ ಒಂದು ಚಿತ್ರ ಸಾಕು

ಪ್ರಶ್ನೆ: ಎರಡು ವರ್ಷ ಜಲವರ್ಣ ಅಭ್ಯಾಸ ಮಾಡಿದ್ದೇನೆ. ಈಗ ತೈಲವರ್ಣ ಕಲಿಯಲು ಮೈಕೆಲೆಂಜೆಲೋನ ‘ಅಂತಿಮ ತೀರ್ಪು’ ಚಿತ್ರದ ಒಂದು ಭಾಗವನ್ನು ನಕಲು ಮಾಡುತ್ತಿದ್ದೇನೆ. ಮುಖಗಳೆಲ್ಲ ಕೆಸರಿನಂತೆ ಕಾಣುತ್ತಿವೆ. ಕಕ್ಕಡ ತಿಂಗಳ ಮಳೆಯಲ್ಲಿ ಹದಿನೈದು ದಿನವಾದರೂ ಬಣ್ಣ ಒಣಗಿಲ್ಲ. ಏನು ಮಾಡಲಿ?
– ಓದುಗರು, ವಿರಾಜಪೇಟೆ

ಉತ್ತರ: ನಕಲು ಮಾಡುತ್ತ ಕಲಿಯುವುದು ಒಳ್ಳೆಯ ದಾರಿ, ರೂಬೆನ್ಸ್‌ನಂಥ ಕಲಾವಿದನೇ ಐವತ್ತು ದಾಟಿದ ಮೇಲೂ ಟಿಷಿಯನ್‌ನ ಚಿತ್ರಗಳನ್ನು ಎದುರಿಗಿಟ್ಟುಕೊಂಡು ನಕಲು ಮಾಡಿದ್ದಾನೆ. ಆದರೆ ನೀವು ಆರಿಸಿಕೊಂಡಿರುವುದು 1536ರಿಂದ 1541ರ ನಡುವೆ ಗೋಡೆಯ ಹಸಿ ಗಾರೆಯ ಮೇಲೆ ಬರೆದ ಭಿತ್ತಿಚಿತ್ರ. ಅದರಿಂದ ಮೈಕಟ್ಟನ್ನು ಕಲಿಯಬಹುದೇ ಹೊರತು ತೈಲವರ್ಣದ ಪದರಗಳನ್ನಲ್ಲ.

ಅದರ ಬದಲು ರಾಫೆಲ್ ಸುಮಾರು 1506ರಲ್ಲಿ ಮರದ ಹಲಗೆಯ ಮೇಲೆ ತೈಲದಲ್ಲಿ ರಚಿಸಿದ ‘ಗೋಲ್ಡ್‌ಫಿಂಚ್ ಹಕ್ಕಿಯ ಮಡೋನಾ’ವನ್ನು ತೆಗೆದುಕೊಳ್ಳಿ. ಫ್ಲಾರೆನ್ಸ್‌ನ ಉಫೀಜಿ ಕಲಾಸಂಗ್ರಹಾಲಯದಲ್ಲಿರುವ ಈ ಚಿತ್ರದಲ್ಲಿ ಇರುವುದು ಒಬ್ಬ ತಾಯಿ, ಇಬ್ಬರು ಮಕ್ಕಳು ಮಾತ್ರ. ಮೂವರೂ ಒಂದೇ ತ್ರಿಕೋನದೊಳಗೆ ಕೂಡಿದ್ದಾರೆ; ಮಗು ಯೇಸುವಿನ ಪಾದ ತಾಯಿಯ ಪಾದದ ಮೇಲೆ ಊರಿರುವುದನ್ನು ಗಮನಿಸಿದರೆ ಆ ಬೆಸುಗೆ ಎಷ್ಟು ಮೃದುವಾದದ್ದೆಂದು ತಿಳಿಯುತ್ತದೆ. ಚಿತ್ರದ ಶುದ್ಧೀಕರಣ ಮುಗಿದದ್ದು 2008ರಲ್ಲಿ. ಅದಕ್ಕಿಂತ ಹಿಂದಿನ ಮುದ್ರಣಗಳಲ್ಲಿ ಬಣ್ಣ ಮಂಕಾಗಿರುವುದರಿಂದ ನಂತರದ ಛಾಯಾಚಿತ್ರವನ್ನೇ ಬಳಸಿ. ಮೂಲದ ಅಳತೆ 107×77 ಸೆಂಟಿಮೀಟರ್. ಆದ್ದರಿಂದ 21×15 ಇಂಚಿನ ಕ್ಯಾನ್ವಾಸ್ ಹೊಂದುತ್ತದೆ, ನಕಲಿಗೆ ಗೆರೆ ಹಾಕಿಕೊಳ್ಳುವ ಮೂರಿಂಚಿನ 35 ಚೌಕಗಳೂ ಸರಿಯಾಗಿ ಕೂರುತ್ತವೆ.

ಮುಖ ಕೆಸರಾಗುವುದು ಬಣ್ಣದ ತಪ್ಪಿನಿಂದಲ್ಲ, ನೆರಳು-ಬೆಳಕನ್ನೂ ಬಣ್ಣವನ್ನೂ ಒಟ್ಟಿಗೇ ಹುಡುಕುವುದರಿಂದ. ಮೊದಲು ರಾ ಅಂಬರ್ ಎಂಬ ಕಂದು ಮಣ್ಣುಬಣ್ಣ ಮತ್ತು ಬಿಳಿಯಿಂದ ಇಡೀ ಚಿತ್ರವನ್ನು ಒಂದೇ ಛಾಯೆಯಲ್ಲಿ ಮುಗಿಸಿ. ತಾಯಿಯ ಕೊರಳಿನಲ್ಲಿ ಬೆಳಕು ನೆರಳಿಗೆ ಜಾರುವ ಜಾಗಕ್ಕೆ ಒಂದು ದಿನ ಪೂರ್ತಿ ಕೊಟ್ಟರೂ ನಷ್ಟವಿಲ್ಲ. ಅಲ್ಲಿ ಗೆರೆ ಕಾಣಬಾರದು, ತಿರುವು ಕಾಣಬೇಕು. ಅದು ಒಣಗಿದ ಮೇಲೆಯೇ ಮೈಬಣ್ಣವನ್ನು ತೆಳುವಾಗಿ ಹಚ್ಚಿ. ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು. ಇದು ತಲೆಕೆಳಗಾದರೆ ಮುಂದೆ ಬಿರುಕು ಬಿಡುತ್ತದೆ.

ತೈಲವರ್ಣ ಜಲವರ್ಣದಂತೆ ನೀರು ಆರಿ ಒಣಗುವುದಿಲ್ಲ, ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಅದು ನಿಧಾನ. ರಾ ಅಂಬರ್‌ನಲ್ಲಿರುವ ಮ್ಯಾಂಗನೀಸ್ ಒಣಗುವಿಕೆಗೆ ನೆರವಾಗುವುದರಿಂದ ಮಳೆಯ ತಿಂಗಳುಗಳನ್ನು ರೇಖಾಚಿತ್ರಕ್ಕೂ ಈ ಮೊದಲ ಪದರಕ್ಕೂ ಇಟ್ಟುಕೊಳ್ಳಿ, ಮೈಬಣ್ಣವನ್ನು ಕಾಫಿ ಕೊಯ್ಲಿನ ಬಿಸಿಲ ದಿನಗಳಿಗೆ ಬಿಡಿ. ಅವಸರಕ್ಕೆ ಒಲೆಯ ಹತ್ತಿರ ಇಟ್ಟರೆ ಮಸಿ ಹಸಿಬಣ್ಣಕ್ಕೆ ಹಿಡಿಯುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದರೆ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಬರುತ್ತದೆ. ಕತ್ತಲೆಯಲ್ಲಿಟ್ಟರೆ ಎಣ್ಣೆ ಹಳದಿಗೆ ತಿರುಗುತ್ತದೆ. ಹಾಗೆ ತಿರುಗಿದ್ದರೂ ಕೆಲವು ವಾರ ಬೆಳಕಿರುವ ಕೋಣೆಯಲ್ಲಿಡಿ, ಬಹಳಷ್ಟು ತಿಳಿಯಾಗುತ್ತದೆ.