ಮದುವೆಯಾಗಿ ಹೋದ ಅಮ್ಮನಿಗೆ ತವರಿನ ಜಮೀನಲ್ಲಿ ಪಾಲು ಇದೆಯಾ?

ನೀವು ಕೇಳಿದ್ದು ಇಷ್ಟು: ಅಮ್ಮನ ಮದುವೆ 1988ರಲ್ಲಿ ಆಗಿದೆ. ತಾತ 2001ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಜಮೀನು ಪಿತ್ರಾರ್ಜಿತ. '1994ಕ್ಕಿಂತ ಮೊದಲು ಮದುವೆಯಾದವರಿಗೆ ಪಾಲಿಲ್ಲ' ಅಂತ ಸೋದರಮಾವ ಹೇಳುತ್ತಾರೆ. ಮುಸ್ಲಿಂ ಗೆಳತಿಗೆ ಅಣ್ಣನ ಅರ್ಧದಷ್ಟಾದರೂ ಇದೆ, ನಮಗೆ ಅದೂ ಇಲ್ವಾ?

ಇದೆ. ಜಮೀನು ಇನ್ನೂ ಭಾಗವಾಗಿಲ್ಲದಿದ್ದರೆ ಮಾವನಿಗೆ ಎಷ್ಟೋ ಅಮ್ಮನಿಗೂ ಅಷ್ಟೇ.

ಮಾವ ಸುಮ್ನೆ ಕಥೆ ಕಟ್ಟುತ್ತಿಲ್ಲ ಬಿಡಿ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಊರುಗಳಲ್ಲಿ ಇವತ್ತಿಗೂ ಓಡಾಡುವುದು ಆ ಹಳೇ ಮಾತೇ. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರದ ತಿದ್ದುಪಡಿ ಬಂತು. ಅದರಲ್ಲಿ ಮದುವೆಯ ಲೆಕ್ಕವೇ ಇಲ್ಲ. ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರೆ? ಅದೂ ಅಡ್ಡಿಯಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿಬಿಟ್ಟಿದೆ.

ನೋಡಬೇಕಾದ್ದು ಒಂದು ತಾರೀಕು: 2004ರ ಡಿಸೆಂಬರ್ 20. ಅದಕ್ಕೂ ಮೊದಲು ನೋಂದಣಿಯಾದ ವಿಭಾಗ ಪತ್ರವೋ ಕೋರ್ಟ್ ಡಿಕ್ರಿಯೋ ಇದ್ದರೆ, ಅಥವಾ ಜಮೀನು ಮಾರಿದ್ದರೆ, ಅದನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. 'ಬಾಯಿಮಾತಲ್ಲೇ ಪಾಲಾಗಿತ್ತು' ಅಂದರೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಪೌತಿ ಖಾತೆಯಾಗಿ, ಅಂದರೆ ತೀರಿಕೊಂಡವರ ಹೆಸರಿಂದ ಖಾತೆ ಬದಲಾಗಿ, ಪಹಣಿಯಲ್ಲಿ ಮಾವನ ಹೆಸರೊಂದೇ ಕೂತಿದ್ದರೂ ಹೆದರಬೇಡಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ.

ನಾನು ಆಸ್ತಿ ಪತ್ರ ಬರೆಯುವ ಕೆಲಸದಲ್ಲಿರುವವಳು. ಹೆಣ್ಣುಮಕ್ಕಳ ಪಾಲು ಕಾನೂನಿನಿಂದ ಹೋಗಿದ್ದಕ್ಕಿಂತ ಸಹಿಯಿಂದ ಹೋಗಿದ್ದನ್ನೇ ಜಾಸ್ತಿ ನೋಡಿದ್ದೇನೆ. ಅಣ್ಣತಮ್ಮಂದಿರು ಕಾರು ಮಾಡಿಕೊಂಡು ಅಕ್ಕತಂಗಿಯರನ್ನು ಉಪನೋಂದಣಾಧಿಕಾರಿ ಕಚೇರಿಗೆ ಕರೆತರುತ್ತಾರೆ. 'ಖಾತೆ ಬದಲಾಯಿಸೋಕೆ ಒಂದು ಸಹಿ ಅಷ್ಟೇ' ಅಂದಿರುತ್ತಾರೆ. ಪತ್ರದಲ್ಲಿ ಇರುವುದು ಬೇರೆ, ಪಾಲನ್ನೇ ಬಿಟ್ಟುಕೊಟ್ಟೆ ಅಂತ: 'ಅರಿಶಿನ ಕುಂಕುಮದ ಬಾಬ್ತು ಹಣ ಪಡೆದು, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ನನ್ನ ಹಕ್ಕು ಖುಲಾಸೆ ಮಾಡಿಕೊಟ್ಟಿದ್ದೇನೆ.' ಫೋಟೊ, ಹೆಬ್ಬೆಟ್ಟು, ಮುಗೀತು. ಇದನ್ನು ಆಮೇಲೆ ರದ್ದು ಮಾಡಿಸಲು ಮೋಸವಾಗಿದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅದು ಬಹಳ ಕಷ್ಟ. ಅಮ್ಮ ಇಂಥದ್ದಕ್ಕೆ ಎಲ್ಲಾದರೂ ಸಹಿ ಹಾಕಿದ್ದಾರಾ, ಮೊದಲು ಅದನ್ನು ಕೇಳಿ.

ಗೆಳತಿಯ ವಿಷಯ. ಮಗಳಿಗೆ ಮಗನ ಅರ್ಧ, ನಿಜ. ಆದರೆ ಮುಸ್ಲಿಂ ಕಾನೂನಿನಲ್ಲಿ ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಗೆ ವಿಲ್ ಬರೆಯಲು ವಾರಸುದಾರರ ಒಪ್ಪಿಗೆ ಬೇಕು. ಅಂದರೆ ಅಪ್ಪ ವಿಲ್ ಬರೆದು ಮಗಳ ಕೈ ಖಾಲಿ ಮಾಡಲು ಆಗುವುದಿಲ್ಲ. ಹಿಂದೂ ಅಪ್ಪ ತನ್ನ ಸ್ವಯಾರ್ಜಿತವನ್ನೆಲ್ಲ ಮಗನಿಗೇ ಬರೆದಿಡಬಹುದು! ಹಾಗಂತ ಬದುಕಿದ್ದಾಗಲೇ ಹಿಬಾ (ದಾನ) ಮಾಡಿ ಮಗನಿಗೆ ಕೊಟ್ಟುಬಿಡುವ ದಾರಿ ಅಲ್ಲೂ ಇದೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಮಗ ಮಗಳು ಸಮ. ಈಗಿನ ಕೇರಳದಲ್ಲಿರುವ ತಿರುವಾಂಕೂರಿನ ಹಳೇ ಕಾನೂನು ಅಲ್ಲಿನ ಕ್ರೈಸ್ತ ಹೆಣ್ಣುಮಕ್ಕಳಿಗೆ ಪುಡಿಗಾಸು ಕೊಡುತ್ತಿತ್ತು. ಆ ಸಮುದಾಯದವರೇ ಆದ ಮೇರಿ ರಾಯ್ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಅದನ್ನು ಮುಗಿಸಿದರು.

ಈಗ ಮಾಡಬೇಕಾದ್ದು: ವಂಶವೃಕ್ಷ, ಪಹಣಿ, ಋಣಭಾರ ಪತ್ರ ತೆಗೆಸಿ. ಜಮೀನು ಮಾರಾಟವಾಗಿದೆಯಾ ಅಂತ ಋಣಭಾರ ಪತ್ರದಲ್ಲೇ ಗೊತ್ತಾಗುತ್ತದೆ. ಮಾವ 'ನಿನಗೆ ಪಾಲಿಲ್ಲ' ಅಂತ ಬಾಯಿಬಿಟ್ಟು ಹೇಳಿದ ಮೇಲೆ ವರ್ಷಗಟ್ಟಲೆ ಕೂರಬೇಡಿ, ಕೇಸು ಹಾಕುವ ಕಾಲಮಿತಿ ಮೀರಿದೆ ಅನ್ನುವ ತಕರಾರು ಬರುತ್ತದೆ. ವಕೀಲರ ನೋಟಿಸ್‌ಗೂ ಮೊದಲು ಒಮ್ಮೆ ಕೂತು ಮಾತಾಡಿ. ಅಜ್ಜಿ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ತಾತನ ಆಸ್ತಿಯಲ್ಲಿ ಅವರಿಗೂ ಪಾಲಿದೆ, ಅದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.