ರಾತ್ರಿ ಎರಡು ಗಂಟೆಯ ಅಲಾರಾಂ

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆ. ಪಾರ್ಶ್ವವಾಯುವಾಗಿ ಅತ್ತೆ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಅವರಿಗೆ ಗಂಜಿ ಕುಡಿಸುವ, ತಲೆ ಬಾಚುವ ಫೋಟೊಗಳನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇನೆ. ದುಬೈಯಲ್ಲಿರುವ ನಾದಿನಿ ಒಂದು ಮಾತೂ ಬರೆಯದಿದ್ದರೆ ಆ ದಿನವಿಡೀ ಅತ್ತೆಯ ಮೇಲೆ ರೇಗುತ್ತೇನೆ. ಈ ಸಲ ಉಪವಾಸ ಕಾಲ ಶುರುವಾದ ವಿಭೂತಿ ಬುಧವಾರ ಚರ್ಚಿನಲ್ಲಿ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಬೈಬಲ್ ವಾಕ್ಯ ಕೇಳಿದಾಗಿನಿಂದ ನನ್ನ ಸೇವೆಯೆಲ್ಲ ನಾಟಕವೆನಿಸುತ್ತಿದೆ. ರಾತ್ರಿ ಎದ್ದು ಅವರ ಮಗ್ಗುಲು ಬದಲಿಸುವಾಗಲೂ ಅದೇ ಚಿಂತೆ. ಹೋಮ್ ನರ್ಸ್ ಒಬ್ಬರನ್ನು ಇಟ್ಟು ನಾನು ದೂರ ಸರಿಯಲೇ?

ಉತ್ತರ: ಸರಿಯಬೇಡಿ, ತಂಗಿ. ನರ್ಸ್ ಬೇಕಿದ್ದರೆ ಇಡಿ, ಆದರೆ ಬೆನ್ನು ನೋಯುತ್ತದೆಂದು ಇಡಿ. ಮನಸ್ಸು ಮಲಿನವಾಗಿದೆ ಎಂಬ ಕಾರಣಕ್ಕೆ ಬೇಡ.

ನಮ್ಮ ಮನೆಯದೊಂದು ಸಂಗತಿ ಹೇಳಿಬಿಡುತ್ತೇನೆ. ಕ್ರಿಸ್ಮಸ್‌ಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಹಂಚಲು ಮೇಜಿನ ಮೇಲೆ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದೆ. ಹಿಟ್ಟಿನ ಪುಟ್ಟ ಸಿಹಿ ಸುರುಳಿಗಳಾದ ಕಿಡಿಯೊ ಎಲ್ಲದಕ್ಕೂ ಒಂದೊಂದು ಹಿಡಿ. ಕರಿಗಡುಬಿನಂಥ ನೆವ್ರಿಯ ಸರದಿ ಬಂದಾಗ ಕೈ ತಾನಾಗಿ ಲೆಕ್ಕ ಹಾಕತೊಡಗಿತು: ದೀಪಾವಳಿಗೆ ಗೋಡಂಬಿ ಬರ್ಫಿ ಕಳಿಸಿದ ಮನೆಗೆ ಐದು, ತಟ್ಟೆಯನ್ನು ಖಾಲಿ ಮರಳಿಸುವ ಮನೆಗೆ ಎರಡು. ಆ ಎರಡರ ತಟ್ಟೆಯ ತಳ ಕಾಣದಂತೆ ಕಿಡಿಯೊ ಹರಡಿದವಳೂ ನಾನೇ! ನಾಚಿಕೆಯಾಯಿತು. ಹಂಚುವುದನ್ನು ಬಿಡಲಿಲ್ಲ, ಡಬ್ಬಿ ತೆರೆದು ಇನ್ನು ಮೂರು ನೆವ್ರಿ ತಂದಿಟ್ಟೆ.

ನೀವು ಕೇಳಿದ ವಾಕ್ಯ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ್ದು. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಜನ ನೋಡಲೆಂದು ಮಾಡಬೇಡಿ ಎನ್ನುತ್ತದೆ, ಮಾಡುವುದನ್ನೇ ಬಿಡಿ ಎನ್ನುವುದಿಲ್ಲ. (ಅದನ್ನು ಕೇಳಿದ ಮೇಲೆಯೇ ನಾವು ಹಣೆಗೆ ಬೂದಿ ಹಚ್ಚಿಸಿಕೊಂಡು ಊರಿಗೆಲ್ಲ ಕಾಣುವಂತೆ ಬಸ್ಸು ಹತ್ತುತ್ತೇವೆ, ಇರಲಿ.) ಒಂದೇ ಅಧ್ಯಾಯ ಹಿಂದಕ್ಕೆ ಹೋಗಿ: ನಿಮ್ಮ ಒಳ್ಳೆಯ ಕೆಲಸಗಳನ್ನು ಜನ ಕಂಡು ಪರಲೋಕದ ತಂದೆಯನ್ನು ಕೊಂಡಾಡಲಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ. ಕೆಲಸ ಕಣ್ಣಿಗೆ ಬಿದ್ದರೆ ತಪ್ಪೇನಿಲ್ಲ, ಕಣ್ಣಿಗೆ ಬೀಳಲೆಂದೇ ಮಾಡಿದರೆ ತಪ್ಪು.

ಆದರೆ ನಿಮ್ಮ ಸಂಕಟ ಅಲ್ಲಿಯದ್ದಲ್ಲವೆಂದು ನನ್ನ ಗುಮಾನಿ. ಅದು ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ್ದು, ಮಾರ್ತಾಳದ್ದು. ತಂಗಿ ಮರಿಯಳು ಯೇಸುವಿನ ಪಾದದ ಬಳಿ ಕುಳಿತಿದ್ದಾಳೆ, ಇವಳೊಬ್ಬಳೇ ಸೇವೆಯಲ್ಲಿ ಸೋತಿದ್ದಾಳೆ. ನನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಿದ್ದಾಳಲ್ಲ, ನಿಮಗೆ ಚಿಂತೆಯಿಲ್ಲವೇ ಎಂದು ನೇರ ಅತಿಥಿಯನ್ನೇ ಕೇಳುತ್ತಾಳೆ. ಮಾರ್ತಾ ಬಾಯಿಬಿಟ್ಟು ಕೇಳಿದಳು. ನೀವು ಗಂಜಿ ಬಟ್ಟಲಿನ ಫೋಟೊ ಕಳಿಸುತ್ತೀರಿ. ‘ನೋಡು, ನಿನ್ನ ತಾಯಿಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ, ನೀನೆಲ್ಲಿ?’ ಎಂಬುದೇ ಆ ಫೋಟೊದ ಅಡಿಬರಹ. ನಾದಿನಿಗೆ ಅದು ಓದಲು ಬರುತ್ತಿಲ್ಲ, ಅಥವಾ ಬಂದೂ ಸುಮ್ಮನಿದ್ದಾರೆ. ದಣಿವನ್ನು ಹೇಳಿಕೊಳ್ಳುವುದು ಕಪಟವಲ್ಲ. ನಾದಿನಿಯ ಮೌನಕ್ಕೆ ಅತ್ತೆ ಬೈಗುಳ ತಿನ್ನಬೇಕಾಗಿದೆಯಲ್ಲ, ನಾನು ತಪ್ಪೆಂದು ಹೇಳುವುದು ಅದನ್ನು ಮಾತ್ರ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ: ಫೋಟೊ ತೆಗೆಯುವ ಮುಂಚೆ ಅತ್ತೆಯನ್ನು ಕೇಳಿದ್ದೀರಾ? ಬಾಯಿಯಿಂದ ಗಂಜಿ ಇಳಿಯುವ ಮುಖವನ್ನು ಬಳಗವೆಲ್ಲ ನೋಡುವುದು ಅವರಿಗೆ ಒಪ್ಪಿಗೆಯೇ? ಮಾತು ಬಾರದಿದ್ದರೆ ಕಣ್ಣನ್ನಾದರೂ ನೋಡಿ.

ಫೋಟೊದ ಬಗ್ಗೆ ಇಷ್ಟು ಬರೆದ ನೀವು ರಾತ್ರಿಯ ಕೆಲಸವನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಹಾಸಿಗೆ ಹಿಡಿದವರ ಚರ್ಮ ಒತ್ತಿ ಹುಣ್ಣಾಗದಿರಲೆಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ವೈದ್ಯರು ಹೇಳುವುದುಂಟು. ಕತ್ತಲಲ್ಲಿ ಎದ್ದು, ಸೊಂಟದ ಕೆಳಗೆ ಕೈ ಕೊಟ್ಟು, ಬೆನ್ನಿಗೆ ದಿಂಬು ಒತ್ತಿ ಮಲಗಿಸುವ ಆ ಕೆಲಸದ ಫೋಟೊವನ್ನು ನೀವು ಯಾರಿಗೂ ಕಳಿಸಿಲ್ಲ. ಕಳಿಸಬೇಕೆಂದು ನಿಮಗೆ ಹೊಳೆದೇ ಇಲ್ಲ.

ಈಗ ನಾದಿನಿಗೆ ಫೋನ್ ಮಾಡಿ, ಗುಂಪಿನಲ್ಲಿ ಬರೆಯಬೇಡಿ. ನರ್ಸಿನ ಸಂಬಳದಲ್ಲಿ ಪಾಲು ಕೇಳಿ. ಸೆಪ್ಟೆಂಬರ್ 8ರಂದು ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬದ ಹೊಸ ತೆನೆಯ ಊಟಕ್ಕೆ ಬರಲಿ, ಎರಡು ವಾರ ಇರಲಿ. ಬಂದ ದಿನವೇ ಅಲಾರಾಂ ಗಡಿಯಾರವನ್ನು ಅವರ ತಲೆದಿಂಬಿನ ಬಳಿ ಇಟ್ಟು ನೀವು ಬೇರೆ ಕೋಣೆಯಲ್ಲಿ ಮಲಗಿ.